ಫೋನಿನಲ್ಲಿ ಕಲಿತ ಪಟ್ಟುಗಳು

ಕೈಗೆ ಫೋನು ಬಂದ ಮೇಲೆ ನಮ್ಮ ಜನ ಕಲಿಯದೆ ಬಿಟ್ಟ ವಿದ್ಯೆಯೂ ಇಲ್ಲ, ಕಲಿತು ಬಂದ ವಿದ್ಯೆಯೂ ಇಲ್ಲ. ನಮ್ಮ ಓಣಿಯ ಒಬ್ಬರು ಫೋನು ನೋಡಿ ಮಿಕ್ಸರ್ ರಿಪೇರಿ ಮಾಡಲು ಹೋಗಿ ಇಡೀ ಓಣಿಯ ಕರೆಂಟು ತೆಗೆದರು. ಇನ್ನೊಬ್ಬರು ಬೆನ್ನುನೋವಿಗೆಂದು ಯಾವುದೋ ಆಸನ ಹಾಕಿದರು. ಹಾಕಿದ ಆಸನ ಬಿಡಿಸಲು ಅಕ್ಕಪಕ್ಕದ ಮನೆಯವರೆಲ್ಲ ಬರಬೇಕಾಯಿತು. ಇಂಥವು ದಿನಾ ನಡೆಯುತ್ತಲೇ ಇರುತ್ತವೆ. ಆದ್ದರಿಂದ ನಾವು ಮೂವರು ಹೆಂಗಸರು ಫೋನು ನೋಡಿ ಹೊಡೆದಾಟ ಕಲಿಯಲು ಹೊರಟೆವು ಎಂದರೆ ನೀವು ಈಗಲೇ ನಗಬಾರದು. ಸ್ವಲ್ಪ ತಡೆದು ನಗಬೇಕು.

ನಾನಿರುವುದು ಹಾವೇರಿಯಲ್ಲಿ, ಕೆಲಸ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ. ಒದ್ದೆ ಕಾಗದದ ಮೇಲೆ ಬೀಜ ಸಾಲಾಗಿ ಜೋಡಿಸುವುದು, ಮೊಳಕೆ ಎಷ್ಟು ಬಂದವು, ಬಾರದೆ ಹಟ ಹಿಡಿದವು ಎಷ್ಟು ಎಂದು ನೋಡುವುದು ನನ್ನ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ನಡುವೆ ಬ್ಯಾಡಗಿಯಲ್ಲಿ ಒಬ್ಬ ಹುಡುಗಿ ಹತ್ತುತ್ತಾಳೆ. ನಾನು ಕೆಲಸ ಮಾಡುವ ಮೊಳಕೆ ಕೋಣೆಗೇ ಹೊಸದಾಗಿ ಸೇರಿದವಳು. ಅವಳ ಅಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲರು. ಮಗಳು ಬಿ.ಎಸ್ಸಿ. ಮುಗಿಸಿದ ಮೇಲೆ ಆರು ತಿಂಗಳು ಹಟ ಮಾಡಿ, ಊಟ ಬಿಟ್ಟು, ಈ ಕೆಲಸಕ್ಕೆ ಒಪ್ಪಿಗೆ ಗಿಟ್ಟಿಸಿದ್ದಳು. ಅಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ರೈಲಿನಾಗ ಹಿಂಗಾತು, ರಸ್ತೆದಾಗ ಹಂಗಾತು ಅಂತ ಒಂದು ಮಾತು ನನ್ನ ಕಿವಿಗೆ ಬಿದ್ರ ಅವತ್ತಿಗೆ ಕೆಲಸ ಮುಗೀತು ನೋಡು." ಹುಡುಗಿಗೆ ಈ ಕೆಲಸವೆಂದರೆ ಪ್ರಾಣ. ಮೊಳಕೆಯೊಡೆದ ಮೆಕ್ಕೆಜೋಳವನ್ನು ತೊಟ್ಟಿಲ ಕೂಸಿನಂತೆ ಮಾತಾಡಿಸುವವಳನ್ನು ನಾನು ಅವಳೊಬ್ಬಳನ್ನೇ ನೋಡಿದ್ದೇನೆ.

ಹೀಗಿರುವಾಗ ರೈಲಿನಲ್ಲಿ ಅವಳಿಗೆ ಒಬ್ಬ ಗಂಟುಬಿದ್ದ. ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಚಿದ ಕ್ರಾಪು, ನೋಡಿದರೆ ಸಂಭಾವಿತ. ಕೂತರೆ ಎದುರಿಗೇ ಕೂರುತ್ತಾನೆ, ಕಾಲು ತಾಗಿಸುತ್ತಾನೆ, ರೈಲಿನ ಡಬ್ಬಿ ಬದಲಿಸಿದರೆ ತಾನೂ ಬದಲಿಸುತ್ತಾನೆ. ಸಂಜೆ ಹಾವೇರಿ ಟಿಕೀಟು ಇಟ್ಟುಕೊಂಡೂ ಬ್ಯಾಡಗಿಯಲ್ಲಿ ಅವಳ ಹಿಂದೆ ಇಳಿಯುತ್ತಾನೆ. ಒಂದು ದಿನ ನಾನೇ ಕೇಳಿದೆ. "ರೈಲು ನಿಮ್ಮಪ್ಪನ ಮನೀದೇನ್ರಿ?" ಎಂದ. ಪೊಲೀಸರಿಗೆ ಹೇಳೋಣ ಎಂದರೆ ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ಬ್ಯಾಡ್ರಿ ಅಕ್ಕಾರ. ಮನಿಗೆ ಗೊತ್ತಾದ್ರ ಅವಗೇನೂ ಆಗೂದಿಲ್ರಿ. ನನ್ನ ಕೆಲಸ ಹೋಗತೈತಿ, ಅಷ್ಟ."

ತಪ್ಪು ಮಾಡುವವನು ಅವನು, ಮನೆಯಲ್ಲಿ ಕೂರಬೇಕಾದವಳು ಇವಳು. ಇದು ಯಾವ ಊರಿನ ನ್ಯಾಯ ಎಂದು ಕೇಳುವಂತೆಯೂ ಇಲ್ಲ, ಎಲ್ಲ ಊರಿನದೂ ಇದೇ. ಹಾಗಾಗಿ ಮನೆಗೂ ತಿಳಿಯದ, ಪೊಲೀಸರಿಗೂ ಹೋಗದ ಉಪಾಯ ಒಂದೇ ಉಳಿಯಿತು. ಫೋನು ತೆಗೆದೆವು.

ಕಲಾಯಿ

ನಮ್ಮ ಪಾಠಶಾಲೆ ಶುರುವಾದದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಮೊಳಕೆ ಕೋಣೆಯಲ್ಲಿ. ಮೂರನೆಯ ವಿದ್ಯಾರ್ಥಿನಿ ಮಾವಶಿ. ಅವರು ಪ್ಯಾಕಿಂಗ್ ವಿಭಾಗದ ಹಿರಿಯ ಹೆಂಗಸು. ಯಾರಿಗೆ ಸ್ವಂತ ಚಿಕ್ಕಮ್ಮನೋ ಗೊತ್ತಿಲ್ಲ, ಕಂಪನಿಗೆಲ್ಲ ಮಾವಶಿ. ಹುಡುಗಿಯ ಕಥೆ ಕೇಳಿ, "ನಾನೂ ಕಲೀತೇನಿ. ಅವಗಲ್ಲದಿದ್ರ ಯಾರಿಗಾದ್ರೂ ಉಪಯೋಗಕ್ಕ ಬರತೈತಿ" ಎಂದು ಬಂದು ಕೂತಿದ್ದರು.

ಮೊದಲು ಸಿಕ್ಕ ವಿಡಿಯೋ ಹಿಂದಿಯದು. ಒಬ್ಬ ಕಟ್ಟುಮಸ್ತು ಆಸಾಮಿ ಕಪ್ಪು ಬನಿಯನ್ ಹಾಕಿಕೊಂಡು ನಿಂತು, "ಕೋಯೀ ಆಪ್ ಕೀ ಕಲಾಯೀ ಪಕಡೇ ತೋ..." ಎಂದು ಶುರುಮಾಡಿದ. ಹಿಂದಿಯಲ್ಲಿ ಕಲಾಯೀ ಎಂದರೆ ಮಣಿಕಟ್ಟು, ಯಾರಾದರೂ ಅದನ್ನು ಹಿಡಿದರೆ ಎಂದು ಅವನ ಮಾತು. ಅದು ನನಗೆ ಗೊತ್ತು, ಹುಡುಗಿಗೆ ಗೊತ್ತು. ಮಾವಶಿಗೆ ಗೊತ್ತಿದ್ದ ಕಲಾಯಿ ಒಂದೇ, ಹಿತ್ತಾಳೆ ಪಾತ್ರೆಗೆ ಒಳಗಿನಿಂದ ಹಾಕಿಸುವ ತವರದ ಲೇಪ. ಅವರು ಜೋಳದ ರೊಟ್ಟಿ ಮುರಿಯುತ್ತ ಬಹಳ ಶ್ರದ್ಧೆಯಿಂದ ನೋಡಿದರು. ಆಸಾಮಿ ಎಡ ಕಲಾಯಿ ಎಂದ, ಬಲ ಕಲಾಯಿ ಎಂದ, ಕಲಾಯಿ ಹೀಗೆ ತಿರುವಿ ಎಂದ. ಮಾವಶಿ ತಲೆಯಾಡಿಸಿದರು.

"ಖರೇ ಹೇಳ್ತಾನ. ತಿರುವಿ ತಿರುವಿ ತಿಕ್ಕಿದ್ರನ ಕಲಾಯಿ ನಿಂದ್ರೂದು."

ನಮಗೆ ಅವರು ಏನು ಹೇಳಿದರೆಂದು ತಿಳಿಯಲಿಲ್ಲ. ಅನುಭವಸ್ಥರ ಮಾತು ಎಂದುಕೊಂಡೆವು. ವಿಡಿಯೋದ ಕೊನೆಗೆ ಆತ, ಹೆಚ್ಚಿನ ತರಬೇತಿಗೆ ಕೆಳಗಿರುವ ನಂಬರಿಗೆ ಫೋನು ಮಾಡಿ ಎಂದ. ಅದನ್ನು ಮಾತ್ರ ಮಾವಶಿ ಕೇಳಿ ಕನ್ನಡದಲ್ಲಿ ಹೇಳಿಸಿಕೊಂಡರು.

ಮರುದಿನ ಅವರು ಕೆಲಸಕ್ಕೆ ಬರುವಾಗ ಕಂಕುಳಲ್ಲಿ ದೊಡ್ಡ ಚೀಲ. ಅದರಿಂದ ಎರಡು ಹಿತ್ತಾಳೆ ಪಾತೇಲಿ, ಒಂದು ಚರಿಗೆ ತೆಗೆದು ನನ್ನ ಮೇಜಿನ ಮೇಲೆ ಬೀಜದ ಪಕ್ಕ ಇಟ್ಟರು.

"ಈಗಿನ ಕಾಲದಾಗ ಕಲಾಯಿ ಹಾಕವರು ಸಿಗೂದ ಕಷ್ಟ. ಅವಗ ಫೋನ್ ಹಚ್ಚು. ಮನಿಗೇ ಬರ್ತಾನೋ, ನಾವ ಒಯ್ಯಬೇಕೋ ಕೇಳು."

ಕೈ ಹಿಡಿಯುವವರು

ಯಾರಾದರೂ ಕೈ ಹಿಡಿದರೆ ಬಿಡಿಸಿಕೊಳ್ಳುವ ಪಟ್ಟನ್ನು ನಾನು ಮನೆಯಲ್ಲಿ ಅಭ್ಯಾಸ ಮಾಡಬೇಕೆಂದು ಗೊತ್ತುಮಾಡಿದೆವು. ಮನೆಯಲ್ಲಿ ಕೈ ಹಿಡಿಯಲು ಇದ್ದವರು ನಮ್ಮ ಯಜಮಾನರು. ಅವರು ಹಾವೇರಿ ಕೋರ್ಟಿನ ಹತ್ತಿರ ಒಬ್ಬ ವಕೀಲರ ಕಡೆ ಗುಮಾಸ್ತರು. ಯಾವ ಕೆಲಸ ಹೇಳಿದರೂ ಮೊದಲು ಅದಕ್ಕೆ ಆಧಾರ ಕೇಳುವ ಮನುಷ್ಯ.

"ಬಂದು ನನ್ನ ಕೈ ಹಿಡೀರಿ" ಎಂದೆ.

"ಯಾಕ?" ಎಂದರು.

ಅತ್ತೆಯವರು ಸೋಫಾದಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದರು. ಅವರು ಟೀವಿಯ ಸದ್ದು ಕಡಿಮೆ ಮಾಡಿದರು. ಟೀವಿಯಲ್ಲಿ ಇಲ್ಲದ್ದು ಮನೆಯಲ್ಲೇ ನಡೆಯುತ್ತಿರುವಾಗ ಯಾರು ಬಿಡುತ್ತಾರೆ?

ಕಾರಣವೆಲ್ಲ ವಿವರಿಸಿದ ಮೇಲೆ ಯಜಮಾನರು ಬಂದು, ಕೋರ್ಟಿನ ಕಾಗದ ಹಿಡಿದಂತೆ ಎರಡೇ ಬೆರಳಲ್ಲಿ ನನ್ನ ಮಣಿಕಟ್ಟು ಹಿಡಿದರು. "ಗಟ್ಟಿ ಹಿಡೀರಿ, ನೀವು ಕಳ್ಳರು" ಎಂದೆ. ಗಟ್ಟಿಯಾಗಿ ಹಿಡಿದರು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದ್ದೆ. ಅದರಲ್ಲಿನವನು, "ಈಗ ಕೈಯನ್ನು ಯಾವ ದಿಕ್ಕಿಗೆಂದರೆ..." ಎಂದ. ಅಷ್ಟರಲ್ಲಿ ಜಾಹೀರಾತು ಬಂತು. ಬೋರ್‌ವೆಲ್ ಮೋಟರಿನದು, ದಾಟಿಸಲು ಬಾರದಂಥದ್ದು. ಯಾವ ದಿಕ್ಕು ಎಂದು ತಿಳಿಯದೆ ಬಿಡಿಸಿಕೊಳ್ಳುವುದು ಹೇಗೆ? ನಾನು ಹಾಗೇ ನಿಂತೆ. ಅವರೂ ಹಿಡಿದುಕೊಂಡು ಹಾಗೇ ನಿಂತರು. ಜಾಹೀರಾತಿನಲ್ಲಿ ನೀರು ಮೇಲೆ ಬಂತು, ರೈತ ನಕ್ಕ, ರೈತನ ಹೆಂಡತಿ ನಕ್ಕಳು.

ಅದೇ ಗಳಿಗೆಗೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದು ಒಳಗೆ ಬಂದರು. ನಮ್ಮಿಬ್ಬರನ್ನು ನೋಡಿದರು, ಅತ್ತೆಯವರನ್ನು ನೋಡಿದರು. "ಆಮ್ಯಾಲೆ ಬರ್ತೇನ್ರಿ" ಎಂದು ಬಾಗಿಲು ಎಳೆದುಕೊಂಡು ಹೋದರು.

ಜಾಹೀರಾತು ಮುಗಿದ ಮೇಲೆ ಹೇಳಿಕೊಟ್ಟಂತೆಯೇ ತಿರುವಿ ಜಗ್ಗಿದೆ. ನನ್ನ ಕೈ ಬಿಡಲಿಲ್ಲ, ಅವರ ವಾಚಿನ ಪಟ್ಟಿ ಕಿತ್ತು ಬಂತು. ಅವರು ನೆಲದಿಂದ ವಾಚು ಆರಿಸಿಕೊಂಡು, ಕಿವಿಗೆ ಹಿಡಿದು ನೋಡಿ, ಶಾಂತವಾಗಿ ಹೇಳಿದರು.

"ಒಮ್ಮೆ ಹಿಡದದ್ದು ಅಷ್ಟು ಸರಳ ಬಿಡೂದಿಲ್ಲ ನೋಡು. ನಾನೂ ಇಷ್ಟು ವರ್ಷದಿಂದ ಪ್ರಯತ್ನ ಮಾಡಾಕತ್ತೇನಿ."

ವಾಚಮನ್ನನ ದಾಳಿ

ಗಂಡನ ಮೇಲೆ ಮಾಡಿದ ಅಭ್ಯಾಸ ಲೆಕ್ಕಕ್ಕೆ ಬರುವುದಿಲ್ಲ, ಪರಕೀಯನೊಬ್ಬ ಬೇಕು ಎಂದು ಮಾವಶಿ ತೀರ್ಮಾನಿಸಿದರು. ಕಂಪನಿಯಲ್ಲಿ ಬಿಡುವಾಗಿದ್ದ ಪರಕೀಯನೆಂದರೆ ಗೇಟಿನ ವಾಚಮನ್. ಒಂದು ಕಾಲಕ್ಕೆ ಕುಸ್ತಿ ಆಡಿದವನು. ಈಗಲೂ ಮೀಸೆಯಲ್ಲಿ ಅದರ ಗುರುತು ಉಳಿದಿದೆ.

"ಹಿಂದಿನಿಂದ ಬಂದು ನಮ್ಮ ಮ್ಯಾಲೆ ಬೀಳಪಾ" ಎಂದರೆ ಆತ ಕೈಮುಗಿದ. "ತಾಯಿ, ಹೆಣ್ಣುಮಕ್ಕಳ ಮ್ಯಾಲೆ ಕೈ ಮಾಡಿದಾವ ಅಲ್ಲ ನಾನು." ಒಳ್ಳೆಯ ಕೆಲಸಕ್ಕೆ ಮಾಡು ಎಂದು ಒತ್ತಾಯಿಸಿದ ಮೇಲೆ ಒಪ್ಪಿದ. ಆದರೆ ಗೋದಾಮಿನ ಮರೆಯಿಂದ ಬರುವಾಗ ಪ್ರತಿ ಸಲವೂ ಚಪ್ಪಲಿ ಬಿಟ್ಟು, ಕೆಮ್ಮಿ, "ಬಂದೇನ್ರಿ" ಎಂದು ತಿಳಿಸಿಯೇ ಬರುತ್ತಿದ್ದ. ಇಂಥ ದಾಳಿಕೋರನ ಮುಂದೆ ನಮ್ಮ ಹುಡುಗಿ ಬಹಳ ಧೈರ್ಯವಾಗಿ ನಿಂತಳು. ರೈಲಿನವನೂ ಹೀಗೆಯೇ ಇದ್ದಿದ್ದರೆ ನಮ್ಮ ಕಷ್ಟ ಅಂದಿಗೇ ಮುಗಿಯುತ್ತಿತ್ತು.

ಆಮೇಲೆ ಮಾವಶಿಯ ಸರದಿ. ಅವರು ಕಲಿಯಬೇಕಾದದ್ದು ಮೊಣಕಾಲಿನ ಪೆಟ್ಟು. ವಿಡಿಯೋದಲ್ಲಿ ಅದನ್ನು ತೋರಿಸಿದ ಹುಡುಗಿ ಹಾಕಿಕೊಂಡದ್ದು ಪೈಜಾಮದಂಥದ್ದು. ಮಾವಶಿ ಉಟ್ಟದ್ದು ಇಳಕಲ್ ಸೀರೆ. ವಾಚಮನ್ ಎದುರು ಬಂದು ನಿಂತ. ಮಾವಶಿ ಕಾಲೆತ್ತಲು ನೋಡಿದರು, ನಿರಿಗೆ ಬಿಡಲಿಲ್ಲ.

"ತಡೀಪಾ ತಮ್ಮಾ."

ಸೆರಗು ತೆಗೆದು ಸೊಂಟಕ್ಕೆ ಸುತ್ತಿದರು. ಕೊರಳಲ್ಲಿದ್ದ ಸರ ಬೆನ್ನಿಗೆ ಹಾಕಿಕೊಂಡರು. ಕಣ್ಣಿನ ಚಾಳೀಸು ತೆಗೆದು ನನ್ನ ಕೈಗೆ ಕೊಟ್ಟರು. ನಿರಿಗೆಯನ್ನು ಒಂದೊಂದಾಗಿ ಎತ್ತಿ ಸಿಗಿಸತೊಡಗಿದರು. ಒಂದು ಕಡೆ ಸಿಗಿಸಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಎಲ್ಲ ಮುಗಿದು, ಮೊಣಕಾಲು ಮುಕ್ತವಾಗಿ, "ಹೂಂ, ಈಗ ಬಾ" ಎಂದು ತಲೆಯೆತ್ತಿದರೆ ಎದುರಿಗೆ ವಾಚಮನ್ ಇಲ್ಲ. ಗೋಡೆಯ ಬದಿಗೆ ಬೀಜದ ಚೀಲದ ಮೇಲೆ ಕೂತು, ಗದ್ದ ಎದೆಗಿಟ್ಟು ನಿದ್ದೆ ಹೋಗಿದ್ದ.

ಮಾವಶಿ ಅವನನ್ನು ಎಬ್ಬಿಸಲಿಲ್ಲ. ನಮ್ಮ ಕಡೆ ತಿರುಗಿ, "ನೋಡಿದ್ರೇನು, ಮುಟ್ಟದನ ಕೆಡವೇನಿ" ಎಂದರು.

ರಿ

ಪಟ್ಟುಗಳು ನಮ್ಮಿಂದಾಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕನ್ನಡದ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿ ಬೆಂಗಳೂರಿನ ಕಡೆಯ ಒಬ್ಬ ಮೇಡಂ, ದೇಹಬಲಕ್ಕಿಂತ ದನಿ ಮುಖ್ಯ ಎಂದರು. ಹೊಟ್ಟೆಯಿಂದ ಕೂಗಬೇಕು, ಸುತ್ತಲಿನ ಜನ ತಿರುಗಿ ನೋಡುವಂತೆ ಕೂಗಬೇಕು, ಕೂಗಿದರೆ ಜನ ಸಹಾಯಕ್ಕೆ ಬರುತ್ತಾರೆ. "ದೂರ ಹೋಗೋ" ಎಂದು ಕೂಗಿ ತೋರಿಸಿದರು. ಇದಕ್ಕೆ ಸೀರೆ ಅಡ್ಡ ಬರುವುದಿಲ್ಲ ಎಂದು ಮಾವಶಿಗೆ ಸಮಾಧಾನವಾಯಿತು.

ಹುಡುಗಿಯನ್ನು ಗೋದಾಮಿನ ನಡುವೆ ನಿಲ್ಲಿಸಿ, "ಒದರು, ದೂರ ಸರಿ ಅಂತ" ಎಂದೆ.

"ದೂರ ಸರೀರಿ" ಎಂದಳು.

"ರಿ ಬಿಡು."

"ಬಿಟ್ಟೇನ್ರಿ."

"ಅವಗ ರಿ ಹಚ್ಚಬ್ಯಾಡ ಅಂದೆ."

"ಹಚ್ಚೂದಿಲ್ರಿ. ಕೈ ತಗೀರಿ."

ಹುಟ್ಟಿದಾಗಿನಿಂದ ಅಪರಿಚಿತರಿಗೆ ರಿ ಹಚ್ಚದೆ ಮಾತಾಡಿದ ನಾಲಗೆಯಲ್ಲ ಅದು. ಮಾವಶಿಗೆ ತಡೆಯಲಾಗಲಿಲ್ಲ. "ಸರಿ ಆಚೆ, ನಾ ತೋರಸ್ತೇನಿ" ಎಂದು ಮುಂದೆ ಬಂದು ಒದರಿದರು. ಅವರು ಒದರಿದ್ದನ್ನು ಇಲ್ಲಿ ಬರೆಯಲಾರೆ. ಗೇಟಿನಿಂದ ವಾಚಮನ್ ಓಡಿಬಂದು, "ನಂದೇನ ತಪ್ಪಾತ್ರಿ?" ಎಂದು ಕೇಳಿದ ಎಂದಷ್ಟೇ ಹೇಳಬಲ್ಲೆ.

ಆ ವಾರವೇ ನಾನು ಮದುವೆಗೆಂದು ಒಂದು ದಿನ ರಜೆ ಹಾಕಿದ್ದೆ. ಮರುದಿನ ರೈಲಿನಲ್ಲಿ ಹುಡುಗಿಯ ಮುಖ ಬಾಡಿತ್ತು. ಏನಾಯಿತೆಂದು ಕೇಳಿದೆ. ನಾನಿಲ್ಲದ್ದು ನೋಡಿ ಬಿಳಿ ಅಂಗಿಯವನು ಅವಳ ಪಕ್ಕದಲ್ಲೇ ಬಂದು ಒತ್ತಿಕೊಂಡು ಕೂತನಂತೆ. ಹುಡುಗಿ ಕಲಿತದ್ದನ್ನೆಲ್ಲ ನೆನೆದು, ಕಣ್ಣು ಮುಚ್ಚಿ, ಹೊಟ್ಟೆಯಿಂದ ಒದರಿದಳಂತೆ.

"ಏನ್ರೀ, ದಿನಾ ಯಾಕ ಹಿಂಗ ಕಾಡ್ತೀರಿ? ಸರಿದು ಕುಂದ್ರಾಕ ಆಗೂದಿಲ್ಲೇನ್ರಿ ನಿಮಗ?"

ವಿಡಿಯೋದ ಮೇಡಂ ಹೇಳಿದಂತೆಯೇ ಇಡೀ ಡಬ್ಬಿ ತಿರುಗಿ ನೋಡಿತು. ಜನ ಸಹಾಯಕ್ಕೂ ಬಂದರು. ಆದರೆ ನಮ್ಮ ಕಡೆ ಒಬ್ಬ ಹೆಣ್ಣುಮಗಳು ಒಬ್ಬ ಗಂಡಸಿಗೆ "ಏನ್ರೀ" ಎಂದು, ಅಷ್ಟು ಸಿಟ್ಟಿನಲ್ಲೂ ರಿ ಬಿಡದೆ ಬೈದರೆ ಅವನು ಯಾರಾಗಿರಬೇಕು? ಎದುರಿನ ಸೀಟಿನ ಅಜ್ಜಿ ಮೊದಲು ಬಾಯಿ ಹಾಕಿದಳು.

"ಸಾಕು ಬಿಡವ್ವಾ, ಮಂದಿ ಮುಂದ ಗಂಡನ್ನ ಹಂಗ ಅನಬಾರದು. ಗಂಡ ಹೆಂಡರ ಜಗಳ ಉಂಡು ಮಲಗೋ ತನಕ."

ಕಿಟಕಿಯ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಜಾಗ ಇಕ್ಕಟ್ಟಾಗಿಯೇ ಜಗಳ ಬಂದಿದೆ ಎಂದು ತಿಳಿದು ಎದ್ದು ಬೇರೆ ಕಡೆ ಹೋದರು. "ಇಬ್ರೂ ಆರಾಮಾಗಿ ಕುಂದರ್ರಿ" ಎಂದು ಜಾಗ ಬಿಟ್ಟುಕೊಟ್ಟರು. ಅವನು ಆರಾಮಾಗಿ ಕೂತ. ಹುಡುಗಿ ಬ್ಯಾಗನ್ನು ನಡುವೆ ಇಟ್ಟುಕೊಂಡು ಕಿಟಕಿಯ ಕಡೆ ಸರಿದಳು. ಇಳಿಯುವಾಗ ಅಜ್ಜಿ ಇಬ್ಬರನ್ನೂ ಹರಸಿ, "ಬರೋ ವರ್ಷ ತೊಟ್ಲಾ ಕಟ್ರಿ" ಎಂದಳಂತೆ.

ಖಾರ

ಇದನ್ನು ಹೇಳಿ ಹುಡುಗಿ ಅತ್ತಳು. ನನಗೆ ನಗುವೂ ಬಂತು, ನಕ್ಕದ್ದಕ್ಕೆ ನಾಚಿಕೆಯೂ ಬಂತು. "ನಾನ ಕೆಲಸ ಬಿಡ್ತೇನ್ರಿ ಅಕ್ಕಾರ. ಅಪ್ಪಾ ಬಿಡಿಸಿದ ಅನ್ನೂಕಿಂತ ಅದ ಚೊಲೋ" ಎಂದಳು. ಈ ವಾರವೊಂದು ತಡೆ ಎಂದು ಬೇಡಿಕೊಂಡು, ಕಟ್ಟಕಡೆಯ ವಿಡಿಯೋ ಹುಡುಕಿದೆವು. ಅದು ಮನೆಯಲ್ಲೇ ಮಾಡಿಕೊಳ್ಳುವ ಮೆಣಸಿನ ಸ್ಪ್ರೇ. ಹಿಡಿಯುವುದಿಲ್ಲ, ಒದೆಯುವುದಿಲ್ಲ, ಒದರುವುದೂ ಇಲ್ಲ. ಬಾಟಲಿಯ ತಲೆ ಒತ್ತಿದರೆ ಆಯಿತು. ಅದರಲ್ಲಿ ಹೇಳಿದ್ದ ಎಚ್ಚರಿಕೆ ಒಂದೇ: ಅತ್ಯುತ್ತಮ ಮೆಣಸಿನಕಾಯಿಯನ್ನೇ ಬಳಸಿ.

ಅತ್ಯುತ್ತಮ ಮೆಣಸಿನಕಾಯಿ ಸಿಗುವ ಮನೆಯ ಮಗಳಿಗೇ ಅದನ್ನು ಒಪ್ಪಿಸಿದೆವು. ಅವಳು ಭಾನುವಾರ ಮನೆಯಲ್ಲಿ ಮಾಡಿ, ಸೋಮವಾರ ಹಳೆಯ ಸ್ಯಾನಿಟೈಸರ್ ಬಾಟಲಿಯಲ್ಲಿ ತಂದಳು. ಕೆಂಪೆಂದರೆ ಕೆಂಪು, ಬೆಳಕಿಗೆ ಹಿಡಿದರೆ ಮಾಣಿಕ್ಯ. "ಯಾವ ಕಾಯಿ ಹಾಕೀದಿ?" ಎಂದೆ. "ಎಲ್ಲಾಕ್ಕಿಂತ ಚೊಲೋದು, ಡಬ್ಬಿ ಕಾಯಿ" ಎಂದಳು. ಬ್ಯಾಡಗಿ ಕಾಯಿಯಲ್ಲಿ ದುಂಡನೆಯ ಜಾತಿ ಡಬ್ಬಿ, ಸಣಕಲು ಜಾತಿ ಕಡ್ಡಿ. ನಾನೂ ಈ ಕಡೆಯವಳೇ, ದಿನಾ ಅದರದ್ದೇ ಪುಡಿ ಸಾರಿಗೆ ಹಾಕುವವಳು. ಆದರೂ ನನ್ನ ತಲೆಗೆ ಹೊಳೆಯಲಿಲ್ಲ.

ಅಂದು ಸಂಜೆ ರೈಲು ಬ್ಯಾಡಗಿಯಲ್ಲಿ ನಿಂತಾಗ ಹುಡುಗಿ ಇಳಿದಳು. ಬಿಳಿ ಅಂಗಿಯವನೂ ಇಳಿದ. ನಾನೂ ಹಾವೇರಿ ಟಿಕೀಟು ಇಟ್ಟುಕೊಂಡೇ ಇಳಿದೆ. ಅವಳು ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಅವನು ಎದುರಿಗೆ ಹೋಗಿ ಅಡ್ಡ ನಿಂತು, "ಆ ಅಜ್ಜಿ ಮಾತು ನಡಸಬೇಕಲ್ಲ ನಾವು?" ಎಂದ. ಹುಡುಗಿ ಬ್ಯಾಗಿಗೆ ಕೈ ಹಾಕಿದಳು. ಮುಖ, ಕೊರಳು, ಅಂಗಿ ಎಲ್ಲಕ್ಕೂ ಬೀಳುವಂತೆ ಬಾಟಲಿ ಖಾಲಿಯಾಗುವ ತನಕ ಒತ್ತಿದಳು.

ಅವನು "ಯಪ್ಪಾ ಸತ್ತೆ" ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಿಸಿದ. ನಾವು ಕಾದೆವು. ಅವನೂ ಕಾದ. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು ಕಣ್ಣೂ ತೆರೆದ. ನಾಲಗೆ ಹೊರಚಾಚಿ ತುಟಿ ನೆಕ್ಕಿ ನೋಡಿದ.

"ಇದರಾಗ ಖಾರನ ಇಲ್ಲಲ್ಲ" ಎಂದ.

ಆಗ ನನಗೆ ಹೊಳೆಯಿತು. ಬ್ಯಾಡಗಿಯಲ್ಲಿ ಅತ್ಯುತ್ತಮ ಮೆಣಸಿನಕಾಯಿ ಕೊಡಿ ಎಂದರೆ ಕೊಡುವುದು ಬಣ್ಣ. ಲೋಕವೆಲ್ಲ ಇಲ್ಲಿಗೆ ಬರುವುದೇ ಆ ಬಣ್ಣಕ್ಕೆ. ಕಾಯಿ ಮೇಲಾದಷ್ಟೂ ಬಣ್ಣ ಹೆಚ್ಚು, ಖಾರ ಕಡಿಮೆ. ಅದರಲ್ಲೂ ಡಬ್ಬಿ ಕಾಯಿಯ ಖಾರವನ್ನು ಬಾಲವಾಡಿಯ ಮಕ್ಕಳೂ ತಡೆಯುತ್ತಾರೆ. ಹುಡುಗಿ ಹುಟ್ಟಿದಾಗಿನಿಂದ ಉಂಡದ್ದು ಅದೊಂದನ್ನೇ. ಜಗತ್ತಿನಲ್ಲಿ ಖಾರವೆಂದರೆ ಇಷ್ಟೇ ಎಂದು ತಿಳಿದಿದ್ದಳು.

ಅವನು ನಗುತ್ತ ಎದ್ದು ನಿಂತ. ನಾನು ಹುಡುಗಿಯ ಕೈ ಹಿಡಿದು ಹಿಂದಕ್ಕೆ ಎಳೆದೆ. ಆದರೆ ಪ್ಲಾಟ್‌ಫಾರ್ಮಿನ ಆಚೆ ಬದಿಗೆ, ಮಾರ್ಕೆಟ್ಟಿನ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಹಮಾಲರು ಗುಂಪಾಗಿ ಕೂತಿದ್ದರು. ಬಿಳಿ ಅಂಗಿಯ ಮೇಲೆ ಆ ಬಣ್ಣ ಕಂಡದ್ದೇ ಅವರಲ್ಲಿ ಇಬ್ಬರು ತಮಗೆ ಅರಿವಿಲ್ಲದಂತೆ ಎದ್ದು ಬಂದರು.

"ಡಬ್ಬಿ ಕಾಯಿ" ಎಂದ ಒಬ್ಬ.

"ಕಡ್ಡಿ ಇರಬೇಕಲೇ" ಎಂದ ಇನ್ನೊಬ್ಬ.

"ಕಡ್ಡಿಗೆ ಇಷ್ಟು ಬಣ್ಣ ಎಲ್ಲಿ ಬಂತು? ಕಣ್ಣು ತಗದು ನೋಡು." ಮೊದಲನೆಯವನು ಕಾಲರು ಹಿಡಿದು ಬೆಳಕಿನ ಕಡೆ ತಿರುಗಿಸಿದ. ಬಿಳಿ ಅಂಗಿಯವನು ಕೊಸರಿಕೊಂಡ. "ನಿಂದ್ರೋ, ಮಾಲು ನೋಡಾಕತ್ತೇವಿ" ಎಂದು ಅವನನ್ನು ಗದರಿಸಿದರು. ಉಳಿದವರೂ ಬಂದು ಸುತ್ತುವರಿದರು. ಅಂಗಿಯ ತುದಿ, ತೋಳು, ಜೇಬು ಎಲ್ಲ ಪರೀಕ್ಷೆಯಾಯಿತು. ಡಬ್ಬಿಯೇ ಎಂದು ಇತ್ಯರ್ಥವಾದ ಮೇಲೆ ಒಬ್ಬನಿಗೆ, ಇಂಥ ಮಾಲನ್ನು ಈ ಮನುಷ್ಯ ಮೈಮೇಲೆ ಯಾಕೆ ಸುರಿದುಕೊಂಡಿದ್ದಾನೆ ಎಂಬ ಪ್ರಶ್ನೆ ಬಂತು. ನಾನು ಹೇಳಿದೆ. ಬಹಳ ದಿನದಿಂದ ಕಾಡುತ್ತಿದ್ದಾನೆ ಎಂದೆ. ಹಮಾಲರು ಹುಡುಗಿಯ ಮುಖ ನೋಡಿದರು.

"ಇಕಿ ನಮ್ಮ ಸಾಹುಕಾರ್ರ ಮಗಳಲ್ಲೇನು?"

ಯಾವುದು ಅಪ್ಪನ ಕಿವಿಗೆ ಬೀಳಬಾರದೆಂದು ಇಷ್ಟು ದಿನ ಕಲಾಯಿಯಿಂದ ಹಿಡಿದು ಮೆಣಸಿನಕಾಯಿಯವರೆಗೆ ಕಲಿತೆವೋ, ಅದೀಗ ಹತ್ತು ಮಂದಿಯ ಮೆರವಣಿಗೆಯಲ್ಲಿ ಅಪ್ಪನ ಅಂಗಡಿಗೇ ಹೊರಟಿತು. ನಡುವೆ ಅವನು, ಕೆಂಪಗೆ. ನಾನೂ ಹುಡುಗಿಯೂ ಹಿಂದೆ. "ಮುಗೀತ್ರಿ ಅಕ್ಕಾರ" ಎಂದಳು ಅವಳು. ನನಗೂ ಹಾಗೇ ಅನಿಸಿತು.

ದಲಾಲರು ಗಾದಿಯ ಮೇಲೆ ಕೂತಿದ್ದರು. ಹಮಾಲರು ಹೇಳಿದ್ದನ್ನು ತಲೆ ತಗ್ಗಿಸಿ ಪೂರ್ತಿ ಕೇಳಿದರು. ಮಗಳ ಕಡೆ ನೋಡಲಿಲ್ಲ. ಎದ್ದು ಬಂದು ಅವನ ಅಂಗಿಯ ಚುಂಗನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದರು.

"ನಮ್ಮ ಮನಿ ಮಾಲು" ಎಂದರು. ಆ ದನಿಯಲ್ಲಿ ಸಿಟ್ಟಿತ್ತೋ ಅಭಿಮಾನವಿತ್ತೋ ನನಗೆ ತಿಳಿಯಲಿಲ್ಲ. ಅವನಿಗೆ ಹೇಳಿದರು: "ಒಗೀಬ್ಯಾಡ. ಒಗದ್ರೂ ಹೋಗೂದಿಲ್ಲ."

ಒಬ್ಬ ಹಮಾಲ ತಡೆಯಲಾರದೆ, "ಸಾಹುಕಾರ್ರ, ಇದರ ಬದಲಿ ಗುಂಟೂರು ಇದ್ದಿದ್ರ ಇವನ ಕಣ್ಣು ಇಷ್ಟೊತ್ತಿಗೆ..." ಎಂದವನು ನಾಲಗೆ ಕಚ್ಚಿಕೊಂಡ. ಗುಂಟೂರಿನ ಕಾಯಿಗೆ ಖಾರ ವಿಪರೀತ. ಅದು ಬ್ಯಾಡಗಿ ಮಾರ್ಕೆಟ್ಟಿಗೂ ಬರುತ್ತದೆ, ಆದರೆ ಇವರ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಮದುವೆಯೂಟದ ಪಲ್ಯದಲ್ಲಿ ಅದರ ವಾಸನೆ ಬಂದರೆ ಎಲೆ ಬಿಟ್ಟು ಏಳುವ ಮನುಷ್ಯ. "ಬೆಂಕಿ ಮಾರಾಕ ನಾವೇನ ಪೆಟ್ರೋಲ್ ಬಂಕ್ ಇಟ್ಟೇವೇನು" ಎನ್ನುವುದು ಅವರ ಮಾತೆಂದು ಊರಿಗೆಲ್ಲ ಗೊತ್ತು. ಅವರು ಹಮಾಲನನ್ನು ಒಮ್ಮೆ ದಿಟ್ಟಿಸಿ, ಚಪ್ಪಲಿ ಮೆಟ್ಟಿದರು.

ಅವನನ್ನು ಪೊಲೀಸ್ ಠಾಣೆಗೆ ತಾವೇ ಕರೆದೊಯ್ದರು. ಅಂಗಿಯೇ ಸಾಕ್ಷಿ ಹೇಳುತ್ತಿದ್ದುದರಿಂದ ಅವನು ಇಲ್ಲವೆನ್ನಲಾಗಲಿಲ್ಲ. ಆಮೇಲೆ ಆ ರೈಲಿನಲ್ಲಿ ಅವನನ್ನು ಕಂಡವರಿಲ್ಲ. ಆದರೆ ಅಂದು ನನ್ನ ಚಿಂತೆ ಅವನದಾಗಿರಲಿಲ್ಲ. ದಲಾಲರು ಅಂಗಡಿ ಬಿಡುವಾಗ ಮಗಳಿಗೆ ಹೇಳಿದ್ದು ಒಂದೇ ಮಾತು: "ನೀ ಮನಿಗೆ ನಡಿ."

ಮರುದಿನ ರೈಲು ಬ್ಯಾಡಗಿ ಹತ್ತಿರ ಬರುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ದಿನಾ ನಿಲ್ಲುವ ಕಂಬದ ಹತ್ತಿರ ಯಾರೂ ಇರಲಿಲ್ಲ. ಹೋಯಿತು ಎಂದುಕೊಂಡೆ. ಮೊಳಕೆ ಕೋಣೆಯಲ್ಲಿ ಅವಳ ಜಾಗಕ್ಕೆ ಇನ್ನು ಯಾರು ಬರುತ್ತಾರೋ ಎಂದು ಯೋಚಿಸತೊಡಗಿದೆ. ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ಕೊನೆಯಿಂದ ಬಿಳಿ ಟೊಪ್ಪಿಗೆ, ಧೋತರ ಕಂಡವು. ದಲಾಲರು ಬೀಸುಗಾಲು ಹಾಕಿಕೊಂಡು ಬರುತ್ತಿದ್ದರು. ಹಿಂದೆ ಹುಡುಗಿ, ಊಟದ ಬುತ್ತಿಯ ಸಮೇತ. ಮಗಳನ್ನು ಹತ್ತಿಸಿದರು. ಆಮೇಲೆ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಒಂದು ಪುಡಿಕೆಯನ್ನು, ಮುಖ ಆ ಕಡೆ ತಿರುಗಿಸಿಕೊಂಡು, ಕೈ ಉದ್ದ ಚಾಚಿ ನನಗೆ ಕೊಟ್ಟರು. ತೆಗೆದುಕೊಂಡದ್ದೇ ನನಗೆ ಸೀನು ಶುರುವಾಯಿತು. ಕಣ್ಣಲ್ಲಿ ನೀರು ಬಂತು.

"ಏನ್ರಿ ಇದು?"

ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ದನಿ ತಗ್ಗಿಸಿದರು.

"ಗುಂಟೂರು. ಇನ್ನ ಮ್ಯಾಲೆ ಬಾಟ್ಲಿಗೆ ಇದನ್ನ ಹಾಕಿಸ್ರಿ. ನಮ್ಮದು ಇಂಥಾ ಹಲ್ಕಾ ಕೆಲಸಕ್ಕ ಬರೂದಿಲ್ಲ."

ರೈಲು ಹೊರಟಿತು. ಅವರು ಬಾಗಿಲಿನ ಜೊತೆ ಜೊತೆಗೇ ನಡೆಯುತ್ತ ಬಂದರು. ಮಗಳನ್ನು ಜೋಪಾನವಾಗಿ ನೋಡಿಕೊಳ್ಳಿರಿ ಎನ್ನುತ್ತಾರೇನೋ ಎಂದು ನಾನು ಬಗ್ಗಿದೆ.

"ಅಕ್ಕಾರ, ಅದು ನಮ್ಮ ಕಡೆಯಿಂದ ಬಂದೈತಿ ಅಂತ ಮಾತ್ರ ಯಾರ ಮುಂದೂ ಅನಬ್ಯಾಡ್ರಿ. ಮನಿ ಮರ್ಯಾದಿ ಪ್ರಶ್ನೆ ಐತಿ."